ಸಪ್ತಾಪುರದ ಹಳೇ ಮನೆ, ನಾಲ್ಕು ಖೋಲಿ, ಎಂಟು ವಿದ್ಯಾರ್ಥಿನಿಯರು: ಒಂದು ರಿಪೇರಿಯ ದಾಖಲೆ

ಧಾರವಾಡದ ಸಪ್ತಾಪುರದಲ್ಲಿ ಖೋಲಿ ಖಾಲಿ ಇದೆ ಅಂದರೆ ಗೇಟಿಗೆ ಬೋರ್ಡು ತೂಗುಹಾಕುವ ಪ್ರಶ್ನೆಯೇ ಬರುವುದಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಸಂಜೆಯೊಳಗೆ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಇಲ್ಲಿಗೆ ಬಂತು. ಆಮೇಲೆ 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ ಬಂದವು. ನಡುವೆ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕ್ಲಾಸುಗಳು ಓಣಿ ಓಣಿಯಲ್ಲಿ ತಲೆಯೆತ್ತಿದವು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಬರುವ ಮಕ್ಕಳಲ್ಲಿ ಹಾಸ್ಟೆಲ್ ಸಿಗದವರೆಲ್ಲ ಖೋಲಿ ಹುಡುಕುತ್ತಾ ಈ ಬದಿಗೇ ಬರುತ್ತಾರೆ.

ಬೇಡಿಕೆ ಇಷ್ಟಿರುವುದರಿಂದಲೇ ಇಲ್ಲಿ ಬಾಡಿಗೆ ಖೋಲಿಗಳ ಸ್ಥಿತಿ ಕೆಟ್ಟಿದೆ. ಸುಣ್ಣ ಬಣ್ಣ ಬಳಿದು, ಒಂದು ಖೋಲಿಗೆ ನಾಲ್ಕು ಮಂಚ ತುರುಕಿದರೂ ಜನ ಬಂದೇ ಬರುತ್ತಾರೆ. ಮಾವನವರ ಕಾಲದ ಮನೆ ನಮ್ಮ ಪಾಲಿಗೆ ಬಂದಾಗ ಹಾಗೆ ಮಾಡಬಾರದು ಎಂದು ನಿಶ್ಚಯಿಸಿದೆವು. ನಾವಿರುವುದು ಅದೇ ಕಂಪೌಂಡಿನ ಹಿಂದಿನ ಮನೆಯಲ್ಲಿ. ಮುಂದಿನ ಹಳೇ ಮನೆಗೆ ಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಅದಕ್ಕೆ ಅಂಟಿಕೊಂಡು ಆಮೇಲೆ ಕಟ್ಟಿಸಿದ ಎರಡು ಖೋಲಿ, ಬಚ್ಚಲು, ಅಡಿಗೆಮನೆಗೆ ಸ್ಲ್ಯಾಬು ಇದೆ. ಒಟ್ಟು ನಾಲ್ಕು ಖೋಲಿ, ಒಂದು ಪಡಸಾಲೆ. ಖೋಲಿಗೆ ಇಬ್ಬರಂತೆ ಎಂಟು ಹುಡುಗಿಯರಿಗೆ ಕೊಡುವುದು ನಮ್ಮ ಲೆಕ್ಕ.

ಖೋಲಿಗಳು ಹತ್ತು ಹನ್ನೆರಡು ಅಡಿಯವು. ಮೂರು ಮಂಚ ಹಿಡಿಯುತ್ತಿದ್ದವು, ಸುಳ್ಳಲ್ಲ. ಆದರೆ ಮೂರು ಮಂಚ ಹಾಕಿದರೆ ಮೂರು ಮೇಜು ಹಿಡಿಯುವುದಿಲ್ಲ. ಮೇಜಿಲ್ಲದ ಖೋಲಿಯನ್ನು ಓದಲು ಬಂದವರಿಗೆ ಹೇಗೆ ಕೊಡುವುದು?

ದುಡ್ಡು ಯಾವ ಕ್ರಮದಲ್ಲಿ ಖರ್ಚಾಗಬೇಕು ಎಂದು ಮೊದಲೇ ಬರೆದಿಟ್ಟೆ: ನೀರು, ಕರೆಂಟು, ಬಚ್ಚಲು, ಗೋಡೆ, ಸಾಮಾನು, ಕಟ್ಟಕಡೆಗೆ ಬಣ್ಣ. ಕೆಲಸವೆಲ್ಲ ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿಯುವುದರೊಳಗೆ ಮುಗಿಯಬೇಕಿತ್ತು.

ನೀರಿನ ಲೆಕ್ಕ

ನಮ್ಮ ಓಣಿಗೆ ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ. ಬೋರ್ ಇದೆ, ಆದರೆ ಅದರ ನೀರು ಬಹಳ ಗಡಸು. ಸಾಬೂನು ನೊರೆ ಬರುವುದಿಲ್ಲ, ಬಕೆಟ್ಟಿನ ಒಳಗೆಲ್ಲ ಬಿಳಿ ಪದರು ಕಟ್ಟುತ್ತದೆ.

ಫ್ಲಶ್ ಇರುವ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎನ್ನುವುದು ನಮ್ಮ ದೇಶದ ಕಟ್ಟಡ ಸಂಹಿತೆಯ ಲೆಕ್ಕ. ಅದರಲ್ಲಿ 45 ಲೀಟರ್ ಫ್ಲಶ್‌ಗೆ, ಉಳಿದ 90 ಸ್ನಾನ, ಬಟ್ಟೆ, ಪಾತ್ರೆ, ಕುಡಿಯುವುದಕ್ಕೆ. ಈ ಎರಡನ್ನು ಬೇರ್ಪಡಿಸಿದ್ದೇ ನಮ್ಮ ಇಡೀ ಕೆಲಸದ ಕೀಲಿಕೈ. ಫ್ಲಶ್‌ಗೆ ಮತ್ತು ಅಂಗಳ ತೊಳೆಯಲು ಬೋರಿನ ನೀರು ಸಾಕು. ಹಾಗಾದರೆ ನಳದ ನೀರು ಎಂಟು ಮಂದಿಗೆ ದಿನಕ್ಕೆ 720 ಲೀಟರ್, ಆರು ದಿನಕ್ಕೆ 4,320 ಲೀಟರ್. ಹಳೇ ಸಂಪು ಐದಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳದ್ದು, ಅಂದರೆ ಸುಮಾರು 2,800 ಲೀಟರ್. ಹೊಸ ಸಂಪು ಅಗೆಯುವ ಬದಲು ಅದರ ಪಕ್ಕದಲ್ಲೇ ನೆಲದ ಮೇಲೆ 2,000 ಲೀಟರಿನ ಸಿಂಟೆಕ್ಸ್ ಕೂರಿಸಿ ಎರಡನ್ನೂ ಜೋಡಿಸಿದೆವು. ಅಗೆತದ ಖರ್ಚು ಉಳಿಯಿತು, ಲೆಕ್ಕವೂ ಸರಿಹೊಂದಿತು.

ಮೇಲೆ ಎರಡು ಟ್ಯಾಂಕು: ನಳದ ನೀರಿಗೆ 1,000 ಲೀಟರಿನದು, ಬೋರಿನ ನೀರಿಗೆ 500 ಲೀಟರಿನದು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ತುಂಬಿದ ಸಾವಿರ ಲೀಟರಿನ ಟ್ಯಾಂಕು ಒಂದು ಟನ್ ಭಾರ. ಅದನ್ನು ಹಳೇ ಸ್ಲ್ಯಾಬಿನ ನಡುಮಧ್ಯೆ ಇಡಬಾರದು. ಕೆಳಗೆ ಗೋಡೆ ಇರುವ ಕಡೆಯೇ ಕಾಲು ಬರುವಂತೆ ಕಬ್ಬಿಣದ ಆ್ಯಂಗಲ್ಲಿನ ಸ್ಟ್ಯಾಂಡು ಮಾಡಿಸಿದೆವು. ಸ್ಲ್ಯಾಬಿನ ತಳದಲ್ಲಿ ಒಂದು ಮೂಲೆಯಲ್ಲಿ ಸಿಮೆಂಟು ಉದುರಿ ಸರಳು ಕಾಣುತ್ತಿತ್ತು. ಟ್ಯಾಂಕು ಏರಿಸುವ ಮೊದಲು ಆ ಜಾಗವನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಉಳಿಯಿಂದ ಕೆತ್ತಿಸಿ, ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿಸಿ, ತುಕ್ಕುನಿರೋಧಕ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆಯಿಂದ ಮುಚ್ಚಿಸಿದೆವು. ತುಕ್ಕು ಹಿಡಿದ ಸರಳಿನ ಮೇಲೆ ಹಾಗೇ ಸಿಮೆಂಟು ಮೆತ್ತಿದರೆ ತುಕ್ಕು ಒಳಗೇ ಉಬ್ಬಿ ಮತ್ತೆ ಒಡೆದು ಹಾಕುತ್ತದೆ.

ಎರಡು ನೀರಿನ ಪೈಪುಗಳು ಮುಂದೆ ಯಾರ ಕೈಯಲ್ಲೂ ಅದಲುಬದಲಾಗದಂತೆ ಬೋರಿನ ಲೈನಿಗೆಲ್ಲ ಕೆಂಪು ಪಟ್ಟಿ ಹೊಡೆಸಿದೆವು.

ಗೋಡೆಯ ತೇವ

ಮುಂದಿನ ಎರಡು ಖೋಲಿಗಳ ಗೋಡೆ ನೆಲದಿಂದ ಮೂರಡಿ ಎತ್ತರದವರೆಗೆ ಉಬ್ಬಿ, ಬಿಳಿ ಉಪ್ಪು ಬಂದು, ಮುಟ್ಟಿದರೆ ಉದುರುತ್ತಿತ್ತು. ಹಿಂದೆ ಯಾವಾಗಲೋ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿಸಿದ್ದರು. ನಮ್ಮ ಗೌಂಡಿ ಹಳೇ ಮನೆಗಳಲ್ಲೇ ಕೆಲಸ ಕಲಿತವರು. ಕರಣಿಯ ಹಿಡಿಯಿಂದ ಗೋಡೆ ತಟ್ಟಿ, ಡಬಡಬ ಸದ್ದು ಬಂದಲ್ಲೆಲ್ಲ ಇದ್ದಿಲಿನಿಂದ ಗೆರೆ ಎಳೆದರು. "ಅಕ್ಕಾರ, ಕಲ್ಲಿನ ಗ್ವಾಡಿ ಉಸಿರಾಡಬೇಕ್ರಿ. ಸಿಮೆಂಟ್ ಬಡದ್ರ ನೀರು ಹೊರಗ ಬರಾಕ ಹಾದಿ ಇಲ್ದ ಹಪ್ಪಳಧಂಗ ಉಬ್ಬತೈತಿ" ಅಂದರು.

ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಿದೆವು. ಹೊರಗಿನ ರಸ್ತೆಗೆ ವರ್ಷಗಳಿಂದ ಡಾಂಬರಿನ ಮೇಲೆ ಡಾಂಬರು ಬಿದ್ದು ಮಟ್ಟ ಏರಿತ್ತು. ಮಳೆಯ ನೀರು ರಸ್ತೆಯಿಂದ ಒಳಗೆ ಇಳಿದು ಗೋಡೆಯ ಬುಡಕ್ಕೇ ನಿಲ್ಲುತ್ತಿತ್ತು. ನಮ್ಮದು ಎರೆಮಣ್ಣು, ನೀರು ಕುಡಿದರೆ ಬೇಗ ಬಿಡುವುದಿಲ್ಲ. ಗೋಡೆಯ ಉದ್ದಕ್ಕೂ ಹೊರಗಡೆ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ತಳದಲ್ಲಿ ತೂತಿನ ಪೈಪು ಹಾಕಿ, ಮೇಲೆ ಜಲ್ಲಿ ತುಂಬಿ, ಗಟಾರಿನ ಕಡೆಗೆ ಇಳಿಜಾರು ಕೊಟ್ಟೆವು. ಆಮೇಲೆಯೇ ಒಳಗಿನ ಕೆಲಸಕ್ಕೆ ಕೈ ಹಚ್ಚಿದ್ದು. ಹಳೇ ಸಿಮೆಂಟನ್ನು ಪೂರ್ತಿ ಕಿತ್ತು, ಬೇಸಿಗೆಯ ಬಿಸಿಲಲ್ಲಿ ಬಾಗಿಲು ಕಿಟಕಿ ತೆರೆದು ಗೋಡೆ ಒಣಗಲು ಬಿಟ್ಟೆವು. ಅಷ್ಟರಲ್ಲಿ ಗುಂಡಿಯಲ್ಲಿ ಅರಳಿಸಿಟ್ಟ ಸುಣ್ಣ ಚೆನ್ನಾಗಿ ನೆನೆದು ಬೆಣ್ಣೆಯ ಹದಕ್ಕೆ ಬಂದಿತ್ತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಸ್ವಲ್ಪ ಇಟ್ಟಿಗೆ ಪುಡಿ. ಎರಡು ಪದರಿನ ಗಿಲಾವು ಮಾಡಿ, ಒದ್ದೆ ಗೋಣಿತಾಟು ಹಾಕಿ ನಿಧಾನಕ್ಕೆ ಒಣಗಿಸಿದರು. ಸುಣ್ಣದ ಕೆಲಸಕ್ಕೆ ಅವಸರ ಆಗಿಬರುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ, ಹಾಗಾಗಿ ಬರೀ ಸುಣ್ಣವನ್ನೇ ಬಳಿಸಿದೆವು. ಒರಗಿದರೆ ಬಟ್ಟೆಗೆ ಹತ್ತುತ್ತದೆ ಎಂದು ಮಂಚದ ಪಕ್ಕದ ಗೋಡೆಗೆ ಚಾಪೆ ಹೊಡೆಸಿದೆವು.

ಹಂಚಿನ ಮಾಡಿನ ಕೆಲಸ ಸಣ್ಣದು. ಒಡೆದ ಹಂಚು ಬದಲಿಸಿ, ಗೆದ್ದಲು ತಿಂದ ರೀಪುಗಳನ್ನು ತೆಗೆಸಿ, ಮುಂದಿನ ಎರಡೂ ಖೋಲಿಗೆ ಎರಡೆರಡು ಗಾಜಿನ ಹಂಚು ಹಾಕಿಸಿದೆ. ಹಗಲು ದೀಪ ಹಚ್ಚುವುದು ತಪ್ಪಿತು.

ಕರೆಂಟು

ಇಡೀ ಮನೆಯಲ್ಲಿ ನನಗೆ ನಿದ್ದೆಗೆಡಿಸಿದ್ದು ಇದೊಂದೇ. ಮರದ ಪಟ್ಟಿಯ ಮೇಲೆ ಹಳೇ ಅಲ್ಯೂಮಿನಿಯಂ ವೈರು, ಪಿಂಗಾಣಿಯ ಫ್ಯೂಸು, ಅರ್ಥಿಂಗ್ ಎನ್ನುವುದು ಮೀಟರಿನ ಹತ್ತಿರ ತುಂಡಾಗಿ ನೇತಾಡುವ ತಂತಿ. ಮಂಜೂರಾದ ಲೋಡು ಎರಡು ಕಿಲೋವ್ಯಾಟ್.

ವಿದ್ಯಾರ್ಥಿಗಳ ಖೋಲಿಯಲ್ಲಿ ಕರೆಂಟು ಯಾವಾಗ ಏರುತ್ತದೆ? ಬೆಳಿಗ್ಗೆ ಆರರಿಂದ ಎಂಟು. ನೀರು ಕಾಯಿಸುವ ಕಾಯಿಲು 1,500 ವ್ಯಾಟ್, ಅಂದರೆ ಆರೂವರೆ ಆಂಪಿಯರ್. ಅದನ್ನು ಆರು ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಚುಚ್ಚುತ್ತಾರೆ. ನಾಲ್ಕು ಖೋಲಿಯಲ್ಲೂ ಒಮ್ಮೆಲೇ ಚುಚ್ಚಿದರೆ ಆರು ಕಿಲೋವ್ಯಾಟ್. ಸಾಕೆಟ್ಟು ಕರಗುವುದು, ಬಕೆಟ್ಟಿನ ನೀರು ಮುಟ್ಟಿ ಶಾಕ್ ಹೊಡೆಯುವುದು ಎರಡೂ ಇಲ್ಲಿಂದಲೇ. "ಕಾಯಿಲು ಬಳಸಬಾರದು" ಎಂದು ಗೋಡೆಗೆ ಚೀಟಿ ಅಂಟಿಸಿದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಿಸಿನೀರು ಕೊಡದೆ ಚೀಟಿ ಅಂಟಿಸಿದರೆ ಆ ಮಕ್ಕಳು ಕದ್ದು ಬಳಸುತ್ತಾರೆ, ಕದ್ದು ಬಳಸುವಾಗ ಅಪಾಯ ಹೆಚ್ಚು. ಆದ್ದರಿಂದ ಬಿಸಿನೀರು ನಾನೇ ಕೊಡಬೇಕು ಎನ್ನುವುದು ವೈರಿಂಗಿನ ಮೊದಲ ತೀರ್ಮಾನ.

ಸ್ಲ್ಯಾಬಿನ ಮೇಲೆ 200 ಲೀಟರಿನ ಸೋಲಾರ್ ಕೂರಿಸಿದೆವು. ಅದಕ್ಕೆ ನಳದ ನೀರೇ ಹೋಗಬೇಕು. ಬೋರಿನ ನೀರು ಬಿಟ್ಟರೆ ಗಾಜಿನ ಕೊಳವೆಯೊಳಗೆ ಸುಣ್ಣ ಕಟ್ಟಿ ಕೆಲವೇ ವರ್ಷದಲ್ಲಿ ಕೆಲಸ ಕೆಡುತ್ತದೆ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಅದು ಪೂರ್ತಿ ತುಂಬುವುದಿಲ್ಲ. ಕಬ್ಬಿಣದ ಸ್ಟ್ಯಾಂಡಿನ ಎತ್ತರ ನಿಶ್ಚಯವಾದದ್ದು ಹೀಗೆ.

ಧಾರವಾಡದಲ್ಲಿ ಆಷಾಢ ಶ್ರಾವಣದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಅದಕ್ಕೆ ಸೋಲಾರ್ ಟ್ಯಾಂಕಿನೊಳಗೇ ಎರಡು ಕಿಲೋವ್ಯಾಟಿನ ಹೀಟರು. 200 ಲೀಟರ್ ನೀರು 22 ಡಿಗ್ರಿಯಿಂದ 45ಕ್ಕೆ ಏರಲು ಸುಮಾರು ಐದೂವರೆ ಯೂನಿಟ್ ಬೇಕು, ಅಂದರೆ ಹತ್ತಿರಹತ್ತಿರ ಮೂರು ತಾಸು. ಟೈಮರ್ ಹಚ್ಚಿ ಬೆಳಗಿನ ಮೂರೂವರೆಗೆ ಹೀಟರು ತಾನೇ ಶುರುವಾಗುವಂತೆ ಮಾಡಿದೆವು. ಮೋಡ ಕವಿದ ದಿನಗಳಲ್ಲಿ ಮಾತ್ರ ಅದರ ಸ್ವಿಚ್ಚು ಹಾಕುತ್ತೇನೆ. ಗ್ಯಾಸ್ ಗೀಸರ್ ಹಾಕಿಸಿ ಎಂದು ಒಬ್ಬಿಬ್ಬರು ಹೇಳಿದರು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ವಾಸನೆಯೂ ಬರುವುದಿಲ್ಲ, ಒಳಗಿದ್ದವರು ಎಚ್ಚರ ತಪ್ಪಿ ಬೀಳುತ್ತಾರೆ. ಬೇರೆಯವರ ಮಕ್ಕಳು ಇರುವ ಮನೆಗೆ ಅದನ್ನು ತರುವ ಮಾತೇ ಇಲ್ಲ.

ಹಳೇ ವೈರು ಒಂದು ಇಂಚೂ ಉಳಿಸಲಿಲ್ಲ. ಲೈಟು, ಫ್ಯಾನಿಗೆ 1.5 ಚದರ ಮಿ.ಮೀ. ತಾಮ್ರ, ಸಾಕೆಟ್ಟುಗಳಿಗೆ 2.5, ಸೋಲಾರಿನ ಹೀಟರಿಗೆ 4. ಪ್ರತಿ ಖೋಲಿಗೂ ಲೈಟಿಗೆ ಒಂದು, ಸಾಕೆಟ್ಟಿಗೆ ಒಂದು ಬೇರೆ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು. ಒಂದು ಖೋಲಿಯಲ್ಲಿ ಇಸ್ತ್ರಿಪೆಟ್ಟಿಗೆ ಕೆಟ್ಟು ಎಂಸಿಬಿ ಬಿದ್ದರೂ ಪಕ್ಕದ ಖೋಲಿಯವಳ ಓದು ನಿಲ್ಲಬಾರದು. ಎಲ್ಲದರ ತಲೆಯ ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸ್ವಲ್ಪ ಸೋರಿದರೂ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಖರ್ಚು ಉಳಿಸಲು ಮನೆ ಮಾಲೀಕರು ಮೊದಲು ಬಿಡುವುದು ಇದನ್ನೇ.

ಅರ್ಥಿಂಗಿಗೆ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರಪದರವಾಗಿ ತುಂಬಿದರು. ಮೀಟರ್ ಹಚ್ಚಿ ನೋಡಿದಾಗ ಮೂರು ಓಮ್‌ಗಿಂತ ಕಡಿಮೆ ತೋರಿಸಿತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ಹಾಗಾಗಿ ಮಾರ್ಚಿಯಿಂದ ವಾರಕ್ಕೆ ಎರಡು ಕೊಡ ನೀರು ಆ ಗುಂಡಿಗೆ. ಹೆಸ್ಕಾಂಗೆ ಅರ್ಜಿ ಕೊಟ್ಟು ಲೋಡು ಐದು ಕಿಲೋವ್ಯಾಟಿಗೆ ಏರಿಸಿದೆವು.

ಮಿರಗದ ಮೊದಲ ಜೋರು ಮಳೆಗೆ ಆರ್‌ಸಿಸಿಬಿ ಬಿತ್ತು. ಎತ್ತಿದರೆ ಮತ್ತೆ ಬೀಳುತ್ತದೆ. ಎಲ್ಲ ಎಂಸಿಬಿ ಇಳಿಸಿ ಒಂದೊಂದಾಗಿ ಏರಿಸಿ ನೋಡುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಎಲ್ಲವನ್ನೂ ಇಳಿಸಿ, ಹಿಂದಿನ ನಮ್ಮ ಮನೆಗೆ ಹೋಗುವ ಪಂಪಿನ ಲೈನು ಒಂದೇ ಬಿಟ್ಟಿದ್ದಾಗಲೂ ಅದು ನಿಲ್ಲಲಿಲ್ಲ. ವೈರಿಂಗಿನ ಹುಡುಗ ಒಂದು ಕ್ಷಣ ಯೋಚಿಸಿ, "ಫೇಸ್ ಅಲ್ಲರಿ ಆಂಟಿ, ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗೇತಿ" ಅಂದ. ನಮ್ಮ ಎಂಸಿಬಿಗಳು ಕರೆಂಟು ಬರುವ ಫೇಸ್ ವೈರನ್ನು ಮಾತ್ರ ಕಡಿಯುವಂಥವು, ಅದು ಮರಳಿ ಹೋಗುವ ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಹಾಗಾಗಿ ದೋಷವಿರುವ ಲೈನಿನ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿಗೆ ಸೋರಿಕೆ ಕಾಣುತ್ತಲೇ ಇರುತ್ತದೆ. ಮೇನ್ ಆಫ್ ಮಾಡಿ, ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ಕಪ್ಪು ವೈರು ಬಿಚ್ಚುತ್ತಾ, ಪ್ರತಿ ಸಲ ಮೇನ್ ಹಾಕಿ ಪರೀಕ್ಷಿಸುತ್ತಾ ಹೋದ. ಗೇಟಿನ ದೀಪದ ವೈರು ಬಿಚ್ಚಿದಾಗ ಆರ್‌ಸಿಸಿಬಿ ಗಟ್ಟಿಯಾಗಿ ನಿಂತಿತು. ಹೋಗಿ ನೋಡಿದರೆ ಗೇಟಿನ ಹಳೇ ಕಬ್ಬಿಣದ ಡಬ್ಬಿಯೊಳಗೆ ಅಂಗೈಯಷ್ಟು ನೀರು, ಅದರಲ್ಲಿ ಜಾಯಿಂಟು ಮುಳುಗಿತ್ತು. ನೀರು ಹೋಗದ ಪ್ಲಾಸ್ಟಿಕ್ ಡಬ್ಬಿ ಹಾಕಿ, ವೈರನ್ನು ಕೆಳಗಿನಿಂದ ಏರಿಸಿ, ಒಳಹೋಗುವ ಮುನ್ನ ಒಂದು ಬಾಗು ಕೊಟ್ಟೆವು. ವೈರಿನ ಗುಂಟ ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಆರ್‌ಸಿಸಿಬಿ ಪದೇಪದೇ ಬೀಳುತ್ತದೆಂದು ಅದನ್ನೇ ಕಿತ್ತು ನೇರ ಜೋಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುತ್ತಿದೆ ಅಂದರೆ ಎಲ್ಲೋ ಒಂದು ಕಡೆ ಸೋರಿಕೆ ಇದೆ ಎಂದೇ ಅರ್ಥ.

ಬಚ್ಚಲು, ಪಾಯಖಾನೆ

ಎರಡು ಪಾಯಖಾನೆ, ಎರಡು ಬಚ್ಚಲು, ನಾಲ್ಕಕ್ಕೂ ಬೇರೆ ಬಾಗಿಲು. ಎರಡನ್ನೂ ಒಂದೇ ಕಡೆ ಸೇರಿಸಿದ್ದರೆ ಬೆಳಿಗ್ಗೆ ಇಬ್ಬರಿಗೆ ಮಾತ್ರ ಜಾಗ. ಈಗ ಅದೇ ಹೊತ್ತಿಗೆ ನಾಲ್ವರು ಬಳಸಬಹುದು. ಪಾಯಖಾನೆಯಲ್ಲಿ ಒಂದು ಇಂಡಿಯನ್, ಒಂದು ವೆಸ್ಟರ್ನ್.

ಬಚ್ಚಲಿನ ನೆಲಕ್ಕೆ ಒಂದು ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟು ಇಳಿಜಾರು ಕೊಡಿಸಿದೆ. ಟೈಲ್ಸ್ ಕೂರಿಸುವ ಮೊದಲು ನೆಲದ ನೀರು ಹೊರಹೋಗುವ ನಾಣಿ ಟ್ರ್ಯಾಪಿನ ಬಾಯಿ ಮುಚ್ಚಿ ಎರಡಿಂಚು ನೀರು ನಿಲ್ಲಿಸಿ ಎರಡು ದಿನ ಬಿಟ್ಟೆವು. ಒಂದು ಮೂಲೆಯಲ್ಲಿ ಆಚೆ ಗೋಡೆಗೆ ಬೊಟ್ಟಿನಷ್ಟು ತೇವ ಕಂಡಿತು. ಪೈಪು ನೆಲ ಹೊಕ್ಕುವ ಜಾಗವದು. ಅಲ್ಲಿ ಮತ್ತೆ ವಾಟರ್‌ಪ್ರೂಫಿಂಗ್ ಹಚ್ಚಿ, ಇನ್ನೊಮ್ಮೆ ನೀರು ನಿಲ್ಲಿಸಿ, ಒಣಗಿಯೇ ಇದ್ದದ್ದನ್ನು ನೋಡಿದ ಮೇಲೆ ಟೈಲ್ಸ್ ಹಾಕಲು ಹೇಳಿದೆ. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಹುಡುಕುವುದೆಂದರೆ ಎಲ್ಲ ಒಡೆಯುವುದೇ.

ಎಂಟು ಹುಡುಗಿಯರ ಉದ್ದ ಕೂದಲು ಟ್ರ್ಯಾಪಿಗೆ ಹೋದರೆ ತಿಂಗಳೊಳಗೆ ನೀರು ನಿಲ್ಲುತ್ತದೆ. ಕೈಯಲ್ಲೇ ಎತ್ತಿ ತೆಗೆಯಬಹುದಾದ ಸ್ಟೀಲ್ ಜಾಳಿಗೆ ಹಾಕಿಸಿದೆ, ಸ್ಕ್ರೂ ಇರುವಂಥದ್ದಲ್ಲ. ಪಾಯಖಾನೆಯಲ್ಲಿ ಕಾಲಿನಿಂದ ಮುಚ್ಚಳ ತೆರೆಯುವ ಡಬ್ಬಿ, ಪಕ್ಕದಲ್ಲೇ ಹಳೇ ಪೇಪರ್ ಇಡುವ ಗೂಡು. ಪ್ಯಾಡು ಪೈಪಿಗೆ ಹೋಗದಿರಲು ಇಷ್ಟು ಸಾಕು. ಹೊಸದಾಗಿ ಬಂದವರಿಗೆ ಇದನ್ನು ನಾನೇ ಮುಖಾಮುಖಿ ಹೇಳುತ್ತೇನೆ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬಟ್ಟೆ ಒಣಗಿಸುವ ಜಾಗ ಯಾವ ಪ್ಲಾನಿನಲ್ಲೂ ಇರುವುದಿಲ್ಲ. ಇಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಒಂದು ಚೂಡಿದಾರ್ ಒಣಗಲು ಮೂರು ದಿನ. ಒಳಉಡುಪುಗಳನ್ನು ರಸ್ತೆಗೆ ಕಾಣುವಂತೆ ಹಾಕಲು ಹುಡುಗಿಯರಿಗೆ ಇಷ್ಟವಿರುವುದಿಲ್ಲ, ಒದ್ದೆ ಬಟ್ಟೆಯನ್ನು ಖೋಲಿಯೊಳಗೇ ಹಗ್ಗ ಕಟ್ಟಿ ಹಾಕುತ್ತಾರೆ, ಗೋಡೆಗೆ ಬೂಸ್ಟು ಬರುತ್ತದೆ. ಸ್ಲ್ಯಾಬಿನ ಮೇಲೆ ತಗಡಿನ ಮಾಡು, ಮೂರು ಬದಿಗೆ ಜಾಳಿಗೆಯ ಇಟ್ಟಿಗೆ, ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಗೆ ಹೋಗುವಂತೆ. ಎಂಟು ಸಾಲು ಸ್ಟೀಲ್ ತಂತಿ. ಇಡೀ ಮನೆಯಲ್ಲಿ ಹುಡುಗಿಯರು ಹೆಚ್ಚು ಮೆಚ್ಚಿದ್ದು ಇದನ್ನೇ.

ಮಂಚ, ಮೇಜು, ತಗಣಿ

ವಿದ್ಯಾರ್ಥಿಗಳ ಖೋಲಿಗೆ ತಗಣಿ ಬರುತ್ತದೆ ಎಂದು ತಿಳಿದುಕೊಂಡೇ ಸಾಮಾನು ಆರಿಸಬೇಕು. ಬಸ್ಸಿನಲ್ಲಿ ಬಂದ ಗಾದಿಯಲ್ಲೋ ಊರಿಂದ ತಂದ ಕೌದಿಯಲ್ಲೋ ಬರುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಪ್ಲೈವುಡ್ಡಿನ ಮಂಚದ ಸಂದುಗಳಲ್ಲಿ ಅದು ನೆಲೆ ನಿಂತರೆ ಮಂಚವನ್ನೇ ಸುಡಬೇಕಾಗುತ್ತದೆ. ಕಬ್ಬಿಣದ ಚೌಕ ಪೈಪಿನ ಮಂಚ ಮಾಡಿಸಿದೆವು. ಪೈಪಿನ ತುದಿಗಳೆಲ್ಲ ವೆಲ್ಡಿಂಗಿನಿಂದ ಮುಚ್ಚಿರಬೇಕು, ಜಾಯಿಂಟುಗಳನ್ನು ತುಂಡುತುಂಡಾಗಿ ಅಲ್ಲದೆ ಸುತ್ತಲೂ ಬೆಸೆದಿರಬೇಕು. ಮಂಚ ಗೋಡೆಯಿಂದ ನಾಲ್ಕು ಬೆರಳು ದೂರ. ಗಾದಿಗೆ ಪೂರ್ತಿ ಮುಚ್ಚುವ, ಚೈನ್ ಇರುವ ಹೊದಿಕೆ. ಒಂದು ಖೋಲಿಯಲ್ಲಿ ತಗಣಿ ಕಂಡಾಗ ಬಟ್ಟೆಯೆಲ್ಲ ಕುದಿಯುವ ನೀರಿಗೆ, ಮಂಚವನ್ನು ಅಂಗಳಕ್ಕೆ ತಂದು ಜಾಯಿಂಟುಗಳಿಗೆ ಕುದಿನೀರು ಸುರಿದೆವು. ಮಂಚ ಮರದ್ದಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿರಲಿಲ್ಲ.

ಮೇಜು ಮೂರಡಿ ಉದ್ದ ಎರಡಡಿ ಅಗಲ, ಕಿಟಕಿಯ ಪಕ್ಕದಲ್ಲಿ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬೀಳಬೇಕು. ಮೇಜಿನ ಮೇಲೆಯೇ ಎರಡು ಸಾಕೆಟ್ಟು, ಲ್ಯಾಪ್‌ಟಾಪಿಗೊಂದು, ಓದುವ ದೀಪಕ್ಕೊಂದು. ಮಂಚದ ಹತ್ತಿರ ಮೊಬೈಲಿಗೆ ಬೇರೆ. ಸಾಕೆಟ್ಟು ಕಡಿಮೆ ಇದ್ದರೆ ಎಕ್ಸ್‌ಟೆನ್ಷನ್ ಬೋರ್ಡಿನ ಜಾಲವೇ ಹಬ್ಬುತ್ತದೆ. ಇಬ್ಬರಲ್ಲಿ ಒಬ್ಬಳು ಮಲಗಿದ್ದರೂ ಇನ್ನೊಬ್ಬಳು ಓದುವಂತಿರಬೇಕು, ಅದಕ್ಕೇ ದೊಡ್ಡ ದೀಪಕ್ಕಿಂತ ಮೇಜಿನ ದೀಪಕ್ಕೆ ಹೆಚ್ಚು ಗಮನ ಕೊಟ್ಟೆ.

ಅಡಿಗೆಮನೆಯಲ್ಲಿ ಒಂದು ಕಟ್ಟೆ, ಒಂದು ಸಿಂಕು, ಎಂಟು ಬೀಗದ ಗೂಡು. ಊಟಕ್ಕೆ ಸುತ್ತಮುತ್ತ ಖಾನಾವಳಿಗಳಿವೆ, ರೊಟ್ಟಿ ಪಲ್ಯ ಸಿಗುತ್ತದೆ. ಇಲ್ಲಿ ಚಹಾ, ಅವಲಕ್ಕಿ, ರಾತ್ರಿಯ ಅನ್ನ. ಐದು ಕಿಲೋ ಸಿಲಿಂಡರನ್ನು ಗುರುತಿನ ಚೀಟಿ ತೋರಿಸಿ ತರಬಹುದು, ಊರಿನ ವಿಳಾಸದ ಪುರಾವೆ ಕೇಳುವುದಿಲ್ಲ. ಅಡಿಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಕಿಟಕಿ ಎಷ್ಟು ದೊಡ್ಡದಿದ್ದರೂ ಅದು ಹೊರಹೋಗುವುದಿಲ್ಲ. ಗೋಡೆಯ ಬುಡದಲ್ಲಿ ನೆಲಮಟ್ಟಕ್ಕೆ ಜಾಳಿಗೆ ಇರುವ ಕಿಂಡಿ ಕೊರೆಸಿದೆವು.

ಕಾಗದಪತ್ರ

ಕರಾರು ಹನ್ನೊಂದು ತಿಂಗಳದ್ದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿ ಕರಾರನ್ನು ನೋಂದಾಯಿಸಲೇಬೇಕು, ಅದಕ್ಕೇ ಎಲ್ಲ ಕಡೆ ಈ ಹನ್ನೊಂದರ ರೂಢಿ. ಒಬ್ಬೊಬ್ಬರ ಹೆಸರಿನಲ್ಲೂ ಬೇರೆ ಕರಾರು ಮಾಡಿದೆವು. ಒಬ್ಬಳು ಓದು ಬಿಟ್ಟು ಊರಿಗೆ ಹೋದರೆ ಅವಳ ಬಾಡಿಗೆ ಉಳಿದವಳ ತಲೆಗೆ ಬರಬಾರದು. ಡಿಪಾಜಿಟ್ ಎರಡು ತಿಂಗಳ ಬಾಡಿಗೆಯಷ್ಟು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಹೇಳುವುದೂ ಅಷ್ಟೇ. ಬಂದ ದಿನವೇ ಖೋಲಿಯ ಗೋಡೆ, ಮೇಜು, ಫ್ಯಾನು ಎಲ್ಲದರ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳುತ್ತೇವೆ. ಬಿಡುವಾಗ ಜಗಳವಿಲ್ಲ.

ಕರೆಂಟಿನದು ಸೂಕ್ಷ್ಮ. ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಹಕ್ಕಿದೆ, ಆದರೆ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಎಂಟು ಮಂದಿಯ ಸ್ನಾನದ ನೀರನ್ನು ಕರೆಂಟಿನಲ್ಲೇ ಕಾಯಿಸಿದ್ದರೆ, ಒಂದು ಬಕೆಟ್ಟಿಗೆ ಮೂರನೇ ಒಂದು ಯೂನಿಟ್ ಅಂತ ಹಿಡಿದರೂ ತಿಂಗಳಿಗೆ ಎಂಬತ್ತು ಯೂನಿಟ್ ಅದಕ್ಕೇ ಹೋಗುತ್ತಿತ್ತು. ಸೋಲಾರ್ ಹಾಕಿಸಿದ್ದರ ಲಾಭ ನೇರವಾಗಿ ಮಕ್ಕಳಿಗೇ ಸಿಗುತ್ತಿದೆ. ಪ್ರತಿ ಖೋಲಿಗೆ ಸಬ್‌ಮೀಟರ್ ಇದೆ. ಬಿಲ್ ಬಂದ ತಿಂಗಳು ಬಂದ ದರದಲ್ಲೇ ಹಂಚುತ್ತೇವೆ, ಅದರ ಮೇಲೆ ಒಂದು ಪೈಸೆ ಇಡುವುದಿಲ್ಲ.

ಬಾಡಿಗೆಯ ಆದಾಯಕ್ಕೆ ತೆರಿಗೆ ಲೆಕ್ಕ ಮಾಡುವಾಗ ಕಟ್ಟಿದ ಮನೆಪಟ್ಟಿಯನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 30 ರಿಪೇರಿ ಮೊದಲಾದ ಖರ್ಚಿಗೆಂದು ನೇರ ವಿನಾಯಿತಿ ಸಿಗುತ್ತದೆ. ರಸೀದಿ ಕೊಟ್ಟು ಬಾಡಿಗೆ ತೆಗೆದುಕೊಳ್ಳಲು ಹೆದರುವವರಿಗೆ ಇದು ಗೊತ್ತಿರಲಿ.

ಖೋಲಿ ಕೇಳಿ ಬಂದವರಿಗೆ ಜಾತಿ ಯಾವುದು, ಏನು ತಿನ್ನುತ್ತೀರಿ ಎಂದು ಇಲ್ಲಿ ಮೊದಲ ಪ್ರಶ್ನೆ ಬೀಳುತ್ತದೆ. ಎಷ್ಟೋ ಒಳ್ಳೆಯ ಹುಡುಗಿಯರು ಆ ಪ್ರಶ್ನೆಗೇ ತಲೆ ತಗ್ಗಿಸಿ ಮೆಟ್ಟಿಲು ಇಳಿದು ಹೋಗುವುದನ್ನು ಓಣಿಯಲ್ಲಿ ನೋಡಿದ್ದೇನೆ. ನಾವು ಕೇಳುವುದು ಎರಡೇ: ಏನು ಓದುತ್ತೀಯವ್ವ, ಮನೆಯವರ ಫೋನ್ ನಂಬರ್ ಏನು. ಗೇಟಿನ ಕೀಲಿ ಎಂಟೂ ಜನರ ಕೈಯಲ್ಲಿದೆ. ಲೈಬ್ರರಿಯಿಂದ ತಡವಾದರೆ ಫೋನ್ ಮಾಡುತ್ತಾರೆ, ಗೇಟಿನ ದೀಪ ಹಾಕಿಟ್ಟಿರುತ್ತೇನೆ.

ಬಾಕಿ ಕೆಲಸ

ರಾಯಚೂರಿನ ಹುಡುಗಿ ಮೊನ್ನೆ ಬಂದು, "ಆಂಟಿ, ಬೋರಿನ ನಳ ಸಣ್ಣಗ ಬರಾಕತ್ತೇತ್ರಿ" ಅಂದಳು. ಫಿಲ್ಟರಿನಲ್ಲಿ ಕಸವಿಲ್ಲ, ಬೋರಿನ ನೀರೇ ಇಳಿಯುತ್ತಿದೆ. ಹಂಚಿನ ಮಾಡು ಸುಮಾರು 84 ಚದರ ಮೀಟರ್. ಧಾರವಾಡದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 800 ಮಿ.ಮೀ. ಮಳೆ ಅಂದರೆ ಅದರ ಮೇಲೆ ಬೀಳುವುದು 67,000 ಲೀಟರ್. ಸೋರಿ ಚೆಲ್ಲಿ ಹೋದದ್ದನ್ನು ಕಳೆದರೂ 50,000 ಲೀಟರ್ ಕೈಗೆ ಸಿಗುತ್ತದೆ, ಈಗ ಅಷ್ಟೂ ಗಟಾರಿಗೆ. ಬೋರಿನ ಸುತ್ತ ಇಂಗುಗುಂಡಿ ತೋಡಲು ಗೌಂಡಿಗೆ ಹೇಳಿದ್ದೇನೆ: ತಳದಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಸೂರಿನ ಗುಂಟ ತಗಡಿನ ದೋಣಿ ಕಟ್ಟಿಸಿ, ಮೊದಲ ಮಳೆಯ ಹೊಲಸು ನೀರು ಬೇರೆ ಹೋಗುವಂತೆ ಒಂದು ಕವಾಟ. ಎರೆಮಣ್ಣಿನಲ್ಲಿ ನೀರು ತಾನಾಗಿ ಇಂಗುವುದಿಲ್ಲ, ಹಾಗಾಗಿ ಬೋರಿನ ಕೇಸಿಂಗಿಗೇ ತೂತು ಕೊರೆದು ಜಾಳಿಗೆ ಸುತ್ತಬೇಕಾಗುತ್ತದೆ. ಗೌಂಡಿ ಬರುವ ವಾರ ಅಳತೆ ತೆಗೆಯಲು ಬರುತ್ತಾರೆ.